ಹೊಳೆಯಲ್ಲಿ ಹೆಕ್ಕಿದ ಕವರು, ಫಂಡಿನ ಪಟ್ಟಿಯಲ್ಲೂ ಅದೇ ಹೆಸರು: ಪರಿಸರದ ಕಾಳಜಿ ಇರುವವರು ಷೇರು ಕೊಳ್ಳಬಹುದೇ?

ಹೊಳೆಸಾಲು (ಪ್ರಶ್ನೆ)

ಕೆಲವು ವರ್ಷಗಳಿಂದ ನಾನು ರಜೆಯ ದಿನಗಳಲ್ಲಿ ಹೊಳೆಯ ದಡ ಶುಚಿಗೊಳಿಸುವ ತಂಡವೊಂದರ ಜೊತೆ ಕೆಲಸ ಮಾಡುತ್ತಿದ್ದೇನೆ. ಹೆಕ್ಕಿದ ಕಸವನ್ನು ನಾವು ಸುಮ್ಮನೆ ಚೀಲಕ್ಕೆ ತುಂಬಿ ಕಳಿಸುವುದಿಲ್ಲ. ಪ್ಲಾಸ್ಟಿಕ್ ಕವರುಗಳನ್ನು ನೀರಿನಲ್ಲಿ ಜಾಲಾಡಿಸಿ, ಕೆಸರು ಹೋದ ಮೇಲೆ ಯಾವ ಕಂಪನಿಯದೆಂದು ಓದಿ, ಹಾಳೆಯ ಮೇಲೆ ಗೀಟು ಹಾಕುತ್ತಾ ಎಣಿಸುತ್ತೇವೆ. ಕಳೆದ ತಿಂಗಳು ಹಾಗೆ ಎಣಿಸುವಾಗ ಒಂದು ಕಂಪನಿಯ ಹೆಸರಿನ ಮುಂದೆ ಹಾಕಿದ ಗೀಟುಗಳು ಹಾಳೆಯ ಅಂಚು ಮುಟ್ಟಿ ಕೆಳಗಿನ ಸಾಲಿಗೆ ಇಳಿದವು. ಅದೇ ರಾತ್ರಿ ನನ್ನ ಮ್ಯೂಚುವಲ್ ಫಂಡಿನ ಮಾಸಿಕ ವರದಿ ಬಂತು. ಎಂದೂ ತೆರೆಯದ ಆ ವರದಿಯನ್ನು ಅಂದು ಏಕೋ ತೆರೆದೆ. ಫಂಡು ಹಣ ತೊಡಗಿಸಿರುವ ಕಂಪನಿಗಳ ಪಟ್ಟಿಯಲ್ಲಿ ಏಳನೆಯದು ಅದೇ ಹೆಸರು. ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿತ್ತು.

ಪಟ್ಟಿಯನ್ನು ಕೊನೆಯವರೆಗೆ ಓದಿದಾಗ ತೈಲ ಶುದ್ಧೀಕರಣ, ಸಿಮೆಂಟು, ಗಣಿ, ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ಕಂಪನಿ ಎಲ್ಲವೂ ಕಂಡವು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಮಾರುಕಟ್ಟೆಯ ದೊಡ್ಡ ಕಂಪನಿಗಳನ್ನೆಲ್ಲ ಅವುಗಳ ಗಾತ್ರಕ್ಕೆ ತಕ್ಕಂತೆ ಕೊಳ್ಳುವ ಇಂಡೆಕ್ಸ್ ಫಂಡು ಅದು. ಆಶ್ಚರ್ಯವಾದದ್ದು ಇಷ್ಟು ವರ್ಷ ನಾನು ಆ ಪಟ್ಟಿಯ ಕಡೆ ಕಣ್ಣು ಹಾಯಿಸದೆ ಇದ್ದುದಕ್ಕೆ. ಬಸ್ಸಿನಲ್ಲಿ ಓಡಾಡುತ್ತೇನೆ, ಹಳೆಯ ಫೋನನ್ನೇ ರಿಪೇರಿ ಮಾಡಿಸಿ ಬಳಸುತ್ತೇನೆ, ಮನೆಯಲ್ಲಿ ದೀಪ ಆರಿಸುವ ವಿಷಯದಲ್ಲಿ ಎಲ್ಲರ ತಲೆ ತಿನ್ನುತ್ತೇನೆ. ಆದರೆ ತಿಂಗಳಿಗೊಮ್ಮೆ ತಾನಾಗಿಯೇ ಖಾತೆಯಿಂದ ಹೊರಟುಹೋಗುವ ಹಣದ ಬಗ್ಗೆ ಮಾತ್ರ ಯೋಚಿಸಿಯೇ ಇರಲಿಲ್ಲ.

ತಂಡದ ಹಿರಿಯರೊಬ್ಬರ ಬಳಿ ಹೇಳಿಕೊಂಡೆ. ಅವರು, "ಒಂದು ಕೈಯಲ್ಲಿ ಕಸ ಹೆಕ್ಕಿ ಇನ್ನೊಂದು ಕೈಯಲ್ಲಿ ಆ ಕಸದ ಲಾಭ ಎಣಿಸುವುದು ಸರಿಯಲ್ಲ, ಮಾರಿಬಿಡು" ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಅಕ್ಕ, "ನೀನು ಮಾರಿದ್ದನ್ನು ಅರೆಕ್ಷಣದಲ್ಲಿ ಇನ್ನೊಬ್ಬರು ಕೊಳ್ಳುತ್ತಾರೆ, ನಿನ್ನ ಹೊಳೆಗೆ ಅದು ಗೊತ್ತೂ ಆಗುವುದಿಲ್ಲ" ಎಂದಳು. ಇಬ್ಬರ ಮಾತೂ ಕೇಳಿದ ಹೊತ್ತಿಗೆ ಸರಿಯೆನಿಸಿತು. ನನಗೆ ಪಿಂಚಣಿ ಇಲ್ಲ, ಮುಪ್ಪಿಗೆಂದು ಕೂಡಿಟ್ಟಿರುವುದು ಇದೊಂದೇ. ಆದ್ದರಿಂದ ತತ್ತ್ವದ ಮಾತಾಡಿ ಕೈತೊಳೆದುಕೊಳ್ಳುವಷ್ಟು ಸುಲಭವೂ ಅಲ್ಲ. ನಾನು ಷೇರು ಕೊಂಡರೆ ನನ್ನ ಹಣ ನಿಜವಾಗಿ ಆ ಕಂಪನಿಯ ಕೈ ಸೇರುತ್ತದೆಯೇ? ಮಾರಿದರೆ ಭೂಮಿಗೆ ಏನಾದರೂ ಆಗುತ್ತದೆಯೇ, ಇಲ್ಲವೇ ನನ್ನ ಮನಸ್ಸಿಗೆ ಮಾತ್ರ ಸಮಾಧಾನವೇ? ಈ ವಿಷಯವನ್ನು ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಳೆಯ ಲೆಕ್ಕಿಗ

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವಿದೆ, ಮತ್ತು ಈ ಚರ್ಚೆಯಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ. ಮಾರುಕಟ್ಟೆಯಲ್ಲಿ ದಿನನಿತ್ಯ ಕೈ ಬದಲಾಗುವ ಷೇರುಗಳನ್ನು ಕೊಂಡಾಗ ನಿಮ್ಮ ಹಣ ಕಂಪನಿಗೆ ಹೋಗುವುದಿಲ್ಲ. ಅದನ್ನು ಮಾರಿದ ಇನ್ನೊಬ್ಬ ಹೂಡಿಕೆದಾರನಿಗೆ ಹೋಗುತ್ತದೆ. ಹಳೆಯ ಕಾರನ್ನು ಕೊಂಡಾಗ ಅದನ್ನು ತಯಾರಿಸಿದ ಕಾರ್ಖಾನೆಗೆ ಏನೂ ಸಂದಾಯವಾಗುವುದಿಲ್ಲವಲ್ಲ, ಹೆಚ್ಚುಕಡಿಮೆ ಹಾಗೆಯೇ. ಕಂಪನಿಗೆ ಹೊಸ ಹಣ ಸಿಗುವುದು ಅದು ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಬಿಡುಗಡೆ ಮಾಡಿದಾಗ, ಮುಂದೆ ಹಕ್ಕಿನ ಷೇರುಗಳನ್ನು (ಈಗಾಗಲೇ ಷೇರುದಾರರಾಗಿರುವವರಿಗೆ ಮೊದಲು ಕೊಡುವ ಹೊಸ ಷೇರುಗಳನ್ನು) ನೀಡಿದಾಗ, ಬಾಂಡ್ ಎಂಬ ಸಾಲಪತ್ರ ಮಾರಿದಾಗ, ಬ್ಯಾಂಕಿನಿಂದ ಸಾಲ ಪಡೆದಾಗ. ಇವೆಲ್ಲಕ್ಕಿಂತ ಮಿಗಿಲಾಗಿ, ಚೆನ್ನಾಗಿ ನಡೆಯುತ್ತಿರುವ ತೈಲ ಕಂಪನಿಯೊಂದು ಹೊಸ ಬಾವಿ ಕೊರೆಯುವುದು ತನ್ನದೇ ಲಾಭದ ಹಣದಿಂದ. ಆ ಲಾಭ ಬರುವುದು ಪೆಟ್ರೋಲು ಕೊಳ್ಳುವವರಿಂದಲೇ ಹೊರತು ಷೇರು ಕೊಳ್ಳುವವರಿಂದಲ್ಲ.

ಹಾಗಾದರೆ ಷೇರಿನ ಬೆಲೆಗೂ ಕಂಪನಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ಬಳಸುದಾರಿಯದು. ಬಹಳ ಜನ ಒಂದು ಕಂಪನಿಯ ಷೇರನ್ನು ಬೇಡವೆಂದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಮುಂದೆ ಬಂಡವಾಳ ಎತ್ತುವುದು ದುಬಾರಿಯಾಗುತ್ತದೆ, ದುಬಾರಿಯಾದರೆ ಕೆಲವು ಯೋಜನೆಗಳು ಲಾಭದಾಯಕವಾಗಿ ಉಳಿಯುವುದಿಲ್ಲ ಎಂಬುದು ವಾದ. ಜೊನಾಥನ್ ಬರ್ಕ್ ಮತ್ತು ಯೂಲ್ಸ್ ವಾನ್ ಬಿನ್ಸ್‌ಬರ್ಗೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ನೋಡಿದಾಗ, ಈಗಿರುವ ಪ್ರಮಾಣದ ಬಹಿಷ್ಕಾರದಿಂದ ಬಂಡವಾಳದ ವೆಚ್ಚದಲ್ಲಿ ಆಗುವ ವ್ಯತ್ಯಾಸವು ಕಂಪನಿಯೊಂದರ ತೀರ್ಮಾನವನ್ನು ಬದಲಿಸುವಷ್ಟು ದೊಡ್ಡದಲ್ಲ ಎಂಬ ನಿಲುವಿಗೆ ಬಂದರು. ಕಾರಣ ಸರಳ: ಪರಿಸರದ ಗೊಡವೆ ಇಲ್ಲದ ಹಣ ಜಗತ್ತಿನಲ್ಲಿ ಬೇಕಾದಷ್ಟಿದೆ, ಸ್ವಲ್ಪ ಅಗ್ಗವಾದ ಕೂಡಲೇ ಅದು ಬಂದು ಎತ್ತಿಕೊಳ್ಳುತ್ತದೆ.

ಒಂದು ನಿದರ್ಶನ ನೋಡಿ. ಆಂಗ್ಲೋ ಅಮೆರಿಕನ್ ಎಂಬ ಗಣಿ ಕಂಪನಿ ದಕ್ಷಿಣ ಆಫ್ರಿಕಾದ ತನ್ನ ಕಲ್ಲಿದ್ದಲು ಗಣಿಗಳನ್ನು 2021ರ ಜೂನಿನಲ್ಲಿ ತುಂಗೇಲಾ ಎಂಬ ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಿತು. ಮೂಲ ಕಂಪನಿಯ ಲೆಕ್ಕಪುಸ್ತಕದಿಂದ ಆ ಕಲ್ಲಿದ್ದಲು ಮಾಯವಾಯಿತು, ನೆಲದಡಿಯಿಂದ ಮಾತ್ರ ಅದು ಮೇಲೆ ಬರುತ್ತಲೇ ಇತ್ತು. ಕಲ್ಲಿದ್ದಲಿನ ಬೆಲೆ ಏರಿದ್ದರಿಂದ ತುಂಗೇಲಾದ ಷೇರು ಒಂದೂಕಾಲು ವರ್ಷದೊಳಗೆ ಹತ್ತು ಪಟ್ಟಿಗೂ ಹೆಚ್ಚು ಮೇಲೇರಿತು. ಕೈತೊಳೆದುಕೊಂಡವರು ಬಿಟ್ಟುಕೊಟ್ಟ ಲಾಭ ಬೇರೆಯವರ ಪಾಲಾಯಿತು, ಹೊಗೆ ಎಂದಿನಂತೆ ಎಲ್ಲರ ಪಾಲಿಗೂ ಉಳಿಯಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಣ ನೇರವಾಗಿ ತಲುಪುವ ಸಂದರ್ಭಗಳಲ್ಲಿ ಹೂಡಿಕೆದಾರನ ನಿರ್ಧಾರಕ್ಕೆ ನಿಜವಾದ ತೂಕವಿದೆ. ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಡೆನ್ಮಾರ್ಕಿನ ಅರ್ಸ್ಟೆಡ್ ಕಂಪನಿ 2025ರಲ್ಲಿ ಕಷ್ಟಕ್ಕೆ ಸಿಲುಕಿ, ಹಕ್ಕಿನ ಷೇರುಗಳ ಮೂಲಕ ಸುಮಾರು 6,000 ಕೋಟಿ ಡ್ಯಾನಿಶ್ ಕ್ರೋನ್ ಎತ್ತಿತು. ಅಲ್ಲಿ ಷೇರು ಕೊಂಡವರ ಹಣ ಕಂಪನಿಯ ಖಜಾನೆಗೇ ಹೋಯಿತು. ಬಾಂಡುಗಳ ವಿಷಯವೂ ಹಾಗೆಯೇ. ಅವಧಿ ಮುಗಿದಾಗಲೆಲ್ಲ ಕಂಪನಿ ಮತ್ತೆ ಸಾಲ ಕೊಡುವವರ ಬಾಗಿಲಿಗೆ ಬರಲೇಬೇಕು.

ಕೊನೆಗೊಂದು ಮಾತು. ಷೇರು ಮಾರಿ ಬಂದ ಹಣವನ್ನು ಬ್ಯಾಂಕಿನ ಠೇವಣಿಯಲ್ಲಿಟ್ಟರೆ ಅದು ಅಲ್ಲಿ ಸುಮ್ಮನೆ ಮಲಗಿರುವುದಿಲ್ಲ. ಬ್ಯಾಂಕು ಅದನ್ನು ಸಾಲ ಕೊಡುತ್ತದೆ, ಆ ಸಾಲ ಉಷ್ಣ ವಿದ್ಯುತ್ ಸ್ಥಾವರಕ್ಕೂ ಹೋಗಬಹುದು. ಫಂಡಾದರೆ ತಿಂಗಳಿಗೊಮ್ಮೆ ಪಟ್ಟಿಯನ್ನಾದರೂ ಕಳಿಸುತ್ತದೆ. ನನ್ನ ಠೇವಣಿ ಯಾರ ಸಾಲವಾಗಿದೆ ಎಂದು ಯಾವ ಬ್ಯಾಂಕೂ ನನಗೆ ಈವರೆಗೆ ಹೇಳಿಲ್ಲ.

ಬೇರುಬಿಳಲು

ಲೆಕ್ಕಿಗರು ಹಣದ ದಾರಿಯನ್ನು ಚೆನ್ನಾಗಿ ವಿವರಿಸಿದ್ದಾರೆ, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಹೊಳೆಸಾಲು ಅವರನ್ನು ಆ ರಾತ್ರಿ ಕಾಡಿದ್ದು ಹಣದ ದಾರಿಯಲ್ಲ, ಒಡೆತನ. ಆ ಕಂಪನಿ ಕವರಿನ ಬದಲು ಮರುಬಳಕೆಯ ಡಬ್ಬಿ ತರಲು ಹೊರಟು ಒಂದು ವರ್ಷ ಲಾಭ ಕಳೆದುಕೊಂಡರೆ ಷೇರುದಾರನಿಗೆ ನಷ್ಟ. ಕವರುಗಳನ್ನೇ ಮುಂದುವರಿಸಿದರೆ ಲಾಭ. ಹಣ ಯಾರ ಕೈಗೆ ಹೋಯಿತೆಂಬುದು ಏನೇ ಇರಲಿ, ಹೊಳೆಗೆ ಆಗುವ ಕೇಡಿನಿಂದ ತನಗೆ ಒಳಿತಾಗುವ ಜಾಗದಲ್ಲಿ ಅವರು ನಿಂತಿದ್ದಾರೆ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ಮಾನದಂಡದಲ್ಲಿ ಮೂರನೆಯ ವ್ಯಾಪ್ತಿ ಎಂಬ ಭಾಗವಿದೆ. ಅದರ ಹದಿನೈದನೆಯ ವರ್ಗವೇ ಹೂಡಿಕೆ. ತಾನು ಹಣ ತೊಡಗಿಸಿದ ಕಂಪನಿಯ ಹೊಗೆಯಲ್ಲಿ ತನ್ನ ಪಾಲಿನಷ್ಟನ್ನು ಹೂಡಿಕೆದಾರ ಸಂಸ್ಥೆ ತನ್ನ ಲೆಕ್ಕಕ್ಕೇ ಬರೆದುಕೊಳ್ಳಬೇಕೆಂದು ಅದು ಹೇಳುತ್ತದೆ. ಲೆಕ್ಕಶಾಸ್ತ್ರವೇ ಒಪ್ಪಿಕೊಂಡಿರುವುದನ್ನು ಲೆಕ್ಕಿಗರು ಬಿಟ್ಟಿದ್ದು ನನಗೆ ಸ್ವಲ್ಪ ಸೋಜಿಗವೆನಿಸಿತು.

ಬಹಿಷ್ಕಾರದ ಫಲವನ್ನು ಷೇರಿನ ಬೆಲೆಯಲ್ಲಿ ಹುಡುಕುವುದೂ ತಪ್ಪು ಜಾಗದಲ್ಲಿ ಹುಡುಕಿದಂತೆ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಅಮೆರಿಕದ ವಿಶ್ವವಿದ್ಯಾಲಯಗಳೂ ಪಿಂಚಣಿ ನಿಧಿಗಳೂ ಅಲ್ಲಿ ವ್ಯವಹರಿಸುವ ಕಂಪನಿಗಳ ಷೇರುಗಳನ್ನು ಮಾರಿದವು. ಷೇರು ಬೆಲೆಗಳ ಮೇಲೆ ಅದರ ಪರಿಣಾಮ ಹೇಳಿಕೊಳ್ಳುವಂಥದ್ದಲ್ಲ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಆ ಗದ್ದಲ ವಿಶ್ವವಿದ್ಯಾಲಯಗಳ ಅಂಗಳ ದಾಟಿ ಶಾಸನಸಭೆ ತಲುಪಿತು. 1986ರಲ್ಲಿ ಅಧ್ಯಕ್ಷ ರೇಗನ್ ಅವರ ನಿಷೇಧಾಧಿಕಾರವನ್ನೂ ಮೀರಿ ಅಮೆರಿಕದ ಸಂಸತ್ತು ನಿರ್ಬಂಧಗಳ ಕಾಯ್ದೆಯನ್ನು ಜಾರಿಗೆ ತಂದಿತು. ಷೇರು ಮಾರುವುದು ಒಂದು ಬಗೆಯಲ್ಲಿ ಬಹಿರಂಗ ಸಾಕ್ಷ್ಯ ನುಡಿದಂತೆ. ಬಾಯಿಬಿಡದೆ, ಯಾರಿಗೂ ತಿಳಿಯದಂತೆ ಮಾರಿದರೆ ಹೊಳೆಸಾಲು ಅವರ ಅಕ್ಕ ಹೇಳಿದ್ದೇ ನಿಜವಾಗುತ್ತದೆ.

ನಾರ್ವೆ ದೇಶದ ನಿಧಿಯ ವಿಷಯ ಇಲ್ಲಿ ಹೇಳಲೇಬೇಕು. ತನ್ನ ಸಮುದ್ರದ ತೈಲ ಮತ್ತು ಅನಿಲ ಮಾರಿ ಬಂದ ಹಣದಿಂದ ಕಟ್ಟಿದ, ಜಗತ್ತಿನ ಅತಿ ದೊಡ್ಡ ಸರ್ಕಾರಿ ಹೂಡಿಕೆ ನಿಧಿ ಅದು. ವ್ಯವಹಾರದಲ್ಲಿ ಕಲ್ಲಿದ್ದಲಿನ ಪಾಲು ಶೇ 30 ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳಿಂದ ಈ ನಿಧಿ ಹೊರಬರಬೇಕೆಂದು 2015ರಲ್ಲಿ ಅಲ್ಲಿನ ಸಂಸತ್ತು ತೀರ್ಮಾನಿಸಿತು. ತೈಲದ ಹಣ ಕಲ್ಲಿದ್ದಲನ್ನು ಅಸ್ಪೃಶ್ಯವೆಂದದ್ದು ನಗು ತರಿಸುವ ಸಂಗತಿಯೇ. ಆದರೂ ಕಲ್ಲಿದ್ದಲು ಮರ್ಯಾದಸ್ಥರು ಮುಟ್ಟುವ ವ್ಯವಹಾರವಲ್ಲ ಎಂಬ ಮಾತು ಅಂದಿನಿಂದ ಹೋರಾಟಗಾರರ ಕರಪತ್ರದಲ್ಲಿ ಮಾತ್ರ ಉಳಿಯಲಿಲ್ಲ, ಬ್ಯಾಂಕುಗಳ ಸಭೆಗಳಲ್ಲೂ ಕೇಳಿಬರತೊಡಗಿತು.

ನನ್ನ ನಿಜವಾದ ತಕರಾರು ಇನ್ನೂ ಆಳದಲ್ಲಿದೆ. ವರ್ಷಕ್ಕೆ ಶೇ 7ರಂತೆ ಬೆಳೆದ ಹಣ ಸುಮಾರು 10 ವರ್ಷಕ್ಕೆ ಇಮ್ಮಡಿಯಾಗುತ್ತದೆ, 30 ವರ್ಷಕ್ಕೆ ಎಂಟು ಪಟ್ಟಾಗುತ್ತದೆ. ನಾವು ಮುಪ್ಪಿಗೆಂದು ಷೇರು ಕೊಳ್ಳುವಾಗ ಈ ಎಂಟು ಪಟ್ಟನ್ನು ನೆಚ್ಚಿಯೇ ಕೊಳ್ಳುತ್ತೇವೆ. ಹೊಳೆ ಎಂಟು ಪಟ್ಟಾಗುವುದಿಲ್ಲ, ಕಾಡೂ ಆಗುವುದಿಲ್ಲ. ಬೆಳವಣಿಗೆಗೆ ಮಿತಿಯಿದೆ ಎಂದು ಹಗಲು ಭಾಷಣ ಮಾಡಿ, ರಾತ್ರಿ ಮಿತಿಯಿಲ್ಲದ ಬೆಳವಣಿಗೆಯ ಮೇಲೆ ಮುಪ್ಪನ್ನು ಒತ್ತೆಯಿಡುವುದು ನನಗೆ ಇಂದಿಗೂ ಗಂಟಲಲ್ಲಿ ಇಳಿಯದ ತುತ್ತು. ಹೀಗೆ ಬರೆಯುತ್ತಿರುವ ನನ್ನ ಬಳಿಯೂ ಷೇರುಗಳಿವೆ, ಅದನ್ನು ಮುಚ್ಚಿಡುವುದಿಲ್ಲ.

ದಿನಗೂಲಿ

ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ? ಪರಿಸರ, ಸಮಾಜ ಮತ್ತು ಆಡಳಿತ ಮೂರನ್ನೂ ಪರಿಶೀಲಿಸಿ ಕಂಪನಿಗಳನ್ನು ಆರಿಸುವ ಇಎಸ್‌ಜಿ ಫಂಡುಗಳು ಈಗ ಎಲ್ಲ ಕಡೆ ಸಿಗುತ್ತವೆ. ಹಣವನ್ನು ಅದಕ್ಕೆ ವರ್ಗಾಯಿಸಿದರೆ ಮುಪ್ಪಿಗೂ ಆಯಿತು, ಮನಸ್ಸಾಕ್ಷಿಗೂ ಆಯಿತು.

ಮಸಿಬಟ್ಟೆ

ದಿನಗೂಲಿಯವರೇ, ನಾನೂ ಹಾಗೆಂದೇ ವರ್ಗಾಯಿಸಿದ್ದೆ. ಆ ಫಂಡಿನ ಪಟ್ಟಿಯನ್ನು ಹಳೆಯ ಫಂಡಿನ ಪಟ್ಟಿಯ ಪಕ್ಕದಲ್ಲಿಟ್ಟು ಪೆನ್ಸಿಲಿನಿಂದ ಒಂದೊಂದೇ ಹೆಸರು ಹೊಡೆಯುತ್ತಾ ಬಂದಾಗ, ಮೊದಲ ಇಪ್ಪತ್ತರಲ್ಲಿ ಹೊಡೆಯದೆ ಉಳಿದದ್ದು ನಾಲ್ಕೇ ಹೆಸರು. ಶುಲ್ಕ ಮಾತ್ರ ಹೆಚ್ಚಿತ್ತು.

ಇಎಸ್‌ಜಿ ಅಂಕ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅನೇಕ ಸಂಸ್ಥೆಗಳು ಅಳೆಯುವುದು ಕಂಪನಿಯಿಂದ ಪರಿಸರಕ್ಕೆ ಆಗುವ ಹಾನಿಯನ್ನಲ್ಲ. ಪರಿಸರದ ಬದಲಾವಣೆಯಿಂದ, ಕಾನೂನಿನಿಂದ, ಮೊಕದ್ದಮೆಗಳಿಂದ ಕಂಪನಿಯ ಲಾಭಕ್ಕೆ ಆಗಬಹುದಾದ ಹಾನಿಯನ್ನು. ಇವೆರಡು ತೀರಾ ಬೇರೆ. ಮೇಲಾಗಿ ಅಂಕವನ್ನು ಹೆಚ್ಚಾಗಿ ಒಂದೇ ಉದ್ಯಮದ ಕಂಪನಿಗಳ ನಡುವೆ ಹೋಲಿಸಿ ಕೊಡುತ್ತಾರೆ, ಆದ್ದರಿಂದ ತೈಲ ಕಂಪನಿಗಳ ಪೈಕಿ ಅಚ್ಚುಕಟ್ಟಾದದ್ದಕ್ಕೂ ಒಳ್ಳೆಯ ಅಂಕ ಬೀಳುತ್ತದೆ. 2022ರ ಮೇ ತಿಂಗಳಲ್ಲಿ ಎಸ್ ಅಂಡ್ ಪಿ 500 ಇಎಸ್‌ಜಿ ಸೂಚ್ಯಂಕದಿಂದ (ಅಮೆರಿಕದ ದೊಡ್ಡ ಕಂಪನಿಗಳ ಪೈಕಿ ಇಎಸ್‌ಜಿ ಅಂಕ ನೋಡಿ ಆರಿಸಿದ ಪಟ್ಟಿಯಿಂದ) ವಿದ್ಯುತ್ ಕಾರಿನ ಟೆಸ್ಲಾವನ್ನು ಹೊರಗಿಟ್ಟು ತೈಲದ ಎಕ್ಸಾನ್‌ಮೊಬಿಲ್ ಅನ್ನು ಒಳಗೆ ಉಳಿಸಿಕೊಂಡದ್ದು ಹೀಗೆಯೇ. ಟೆಸ್ಲಾದ ಮೇಲೆ ಕಾರ್ಖಾನೆಯಲ್ಲಿನ ತಾರತಮ್ಯದ ಆರೋಪಗಳಿದ್ದವು, ಆ ಲೆಕ್ಕದಲ್ಲಿ ಅದಕ್ಕೂ ಕಾರಣವಿತ್ತು ಎನ್ನಿ; ಆದರೆ ಹೊಗೆ ಕಡಿಮೆಯಾಗಲೆಂದು ಹಣ ಹಾಕಿದವನಿಗೆ ಇದು ಅರ್ಥವಾಗುವ ಮಾತಲ್ಲ. ಫೋಕ್ಸ್‌ವ್ಯಾಗನ್ ಕಥೆ ಇದಕ್ಕಿಂತ ಸ್ವಾರಸ್ಯಕರ: ಡೌ ಜೋನ್ಸ್ ಸುಸ್ಥಿರತೆ ಸೂಚ್ಯಂಕ ಆ ಕಂಪನಿಯನ್ನು ವಾಹನ ಉದ್ಯಮದ ಮುಂದಾಳು ಎಂದು ಹೊಗಳಿದ್ದು 2015ರ ಸೆಪ್ಟೆಂಬರಿನಲ್ಲಿ, ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ಬಳಸಿ ಮೋಸ ಮಾಡಿದ್ದು ಬಯಲಾದದ್ದೂ ಅದೇ ತಿಂಗಳು.

ಆರು ಸಂಸ್ಥೆಗಳ ಇಎಸ್‌ಜಿ ಅಂಕಗಳನ್ನು ಹೋಲಿಸಿದ ಬರ್ಗ್, ಕೋಲ್ಬೆಲ್ ಮತ್ತು ರಿಗೊಬಾನ್ ಅವರ ಅಧ್ಯಯನದಲ್ಲಿ ಅಂಕಗಳ ನಡುವಿನ ಹೊಂದಾಣಿಕೆ (ಪೂರ್ತಿ ಹೊಂದಿದರೆ 1) ಸರಾಸರಿ 0.54 ಮಾತ್ರ ಬಂತು. ಸಾಲ ತೀರಿಸುವ ಸಾಮರ್ಥ್ಯಕ್ಕೆ ಕೊಡುವ ರೇಟಿಂಗುಗಳಲ್ಲಿ ಇದು ಬಹಳ ಹೆಚ್ಚಿರುತ್ತದೆ. ಅಂದರೆ ಒಬ್ಬರ ತಕ್ಕಡಿಯಲ್ಲಿ ಹಸಿರಾದದ್ದು ಇನ್ನೊಬ್ಬರ ತಕ್ಕಡಿಯಲ್ಲಿ ಕಪ್ಪಾಗಬಹುದು. ಜರ್ಮನಿಯ ಡಿಡಬ್ಲ್ಯೂಎಸ್ ಎಂಬ ಹೂಡಿಕೆ ಸಂಸ್ಥೆಯ ಅಂಗಸಂಸ್ಥೆ, ಇಎಸ್‌ಜಿ ಪರಿಶೀಲನೆಯನ್ನು ತಾನು ಹೇಳಿಕೊಂಡಂತೆ ನಡೆಸಿರಲಿಲ್ಲವೆಂಬ ಪ್ರಕರಣದಲ್ಲಿ 2023ರಲ್ಲಿ ಅಮೆರಿಕದ ನಿಯಂತ್ರಕರಿಗೆ 1.9 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಹೆಸರಿನಲ್ಲಿ ಹಸಿರಿದೆ ಎಂದು ನಂಬಿ ಕೊಳ್ಳಬೇಡಿ. ಪಟ್ಟಿ ತೆರೆದು ಪೆನ್ಸಿಲ್ ಹಿಡಿಯಿರಿ.

ಅಂಚಿನ ಆಸನ

ಈವರೆಗಿನ ಮಾತು ಕೊಳ್ಳುವುದು ಮತ್ತು ಮಾರುವುದರ ಸುತ್ತಲೇ ಸುತ್ತಿದೆ. ಷೇರಿನ ಜೊತೆ ಕಂಪನಿಯ ಸಭೆಯಲ್ಲಿ ಹಾಕುವ ಮತವೂ ಬರುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಮಾರಿದ ದಿನ ಆ ಮತವೂ ಹೋಗುತ್ತದೆ, ಮತ್ತು ಅದನ್ನು ಕೊಂಡವರು ಹೊಳೆಯನ್ನು ಕಂಡವರೇ ಆಗಿರಬೇಕೆಂದಿಲ್ಲ.

2021ರ ಮೇ ತಿಂಗಳಲ್ಲಿ ಎಂಜಿನ್ ನಂ. 1 ಎಂಬ ಸಣ್ಣ ಹೂಡಿಕೆ ಸಂಸ್ಥೆ, ತನ್ನ ಕೈಯಲ್ಲಿದ್ದ ಕೇವಲ ಶೇ 0.02ರಷ್ಟು ಷೇರುಗಳನ್ನಿಟ್ಟುಕೊಂಡು ಎಕ್ಸಾನ್‌ಮೊಬಿಲ್ ಆಡಳಿತ ಮಂಡಳಿಗೆ ತನ್ನ ಮೂವರು ಅಭ್ಯರ್ಥಿಗಳನ್ನು ಗೆಲ್ಲಿಸಿತು. ಗೆಲ್ಲಿಸಿದ್ದು ಅದರ ಹಣವಲ್ಲ. ದೊಡ್ಡ ಪಿಂಚಣಿ ನಿಧಿಗಳನ್ನೂ ಇಂಡೆಕ್ಸ್ ಫಂಡುಗಳನ್ನೂ ಅದು ಒಪ್ಪಿಸಿದ ರೀತಿ. ಅದೇ ತಿಂಗಳು ಶೆವ್ರಾನ್ ಎಂಬ ಇನ್ನೊಂದು ತೈಲ ಕಂಪನಿಯ ಸಭೆಯಲ್ಲಿ, ಮಾರಿದ ಇಂಧನ ಉರಿದಾಗ ಬರುವ ಹೊಗೆಯನ್ನೂ ಕಡಿಮೆ ಮಾಡಬೇಕೆಂಬ ನಿರ್ಣಯಕ್ಕೆ ಶೇ 61ರಷ್ಟು ಮತ ಬಿತ್ತು. ಅದನ್ನು ಮಂಡಿಸಿದ್ದು ನೆದರ್ಲೆಂಡ್ಸಿನ ಫಾಲೋ ದಿಸ್ ಎಂಬ ಷೇರುದಾರರ ಗುಂಪು. ತೈಲ ಕಂಪನಿಗಳ ಷೇರನ್ನು ಸಭೆಯಲ್ಲಿ ಬಾಯಿ ತೆರೆಯುವುದಕ್ಕಾಗಿಯೇ ಕೊಳ್ಳುವ ಜನ ಅವರು.

ಬೇರುಬಿಳಲು ಅವರು ಕೇಳುವ ಮೊದಲೇ ಮುಂದಿನದನ್ನೂ ಹೇಳಿಬಿಡುತ್ತೇನೆ. ಮೂವರು ಹೊಸಬರು ಕುಳಿತ ಅದೇ ಮಂಡಳಿಯಿದ್ದಾಗಲೇ ಎಕ್ಸಾನ್‌ಮೊಬಿಲ್ 2023ರಲ್ಲಿ ಪಯನಿಯರ್ ಎಂಬ ತೈಲ ಕಂಪನಿಯನ್ನು ಸುಮಾರು 6,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2024ರ ಜನವರಿಯಲ್ಲಿ ಫಾಲೋ ದಿಸ್ ಮತ್ತು ಅದರ ಜೊತೆಗಿದ್ದ ಇನ್ನೊಂದು ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು, ಹೊಗೆ ಕಡಿಮೆ ಮಾಡಬೇಕೆಂದು ಎಕ್ಸಾನ್‌ಮೊಬಿಲ್ ಸಭೆಗೆ ತಂದಿದ್ದ ನಿರ್ಣಯವನ್ನು ಅವರು ಹಿಂತೆಗೆದುಕೊಂಡರು. ಜಗತ್ತಿನ ಅತಿ ದೊಡ್ಡ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ರಾಕ್ 2021ರಲ್ಲಿ ಪರಿಸರ ಮತ್ತು ಸಮಾಜ ಕುರಿತ ನಿರ್ಣಯಗಳಲ್ಲಿ ಅರ್ಧಕ್ಕೆ ಸಮೀಪದಷ್ಟನ್ನು ಬೆಂಬಲಿಸಿದ್ದು, 2024ರ ಹೊತ್ತಿಗೆ ಶೇ 4ರ ಆಸುಪಾಸಿಗೆ ಇಳಿಯಿತು. ಗಾಳಿ ಬದಲಾದರೆ ಮತವೂ ಬದಲಾಗುತ್ತದೆ.

ಆದರೆ ಬ್ಲ್ಯಾಕ್‌ರಾಕ್ ಹಾಕಿದ ಆ ಮತಗಳು ಯಾರವು? ಫಂಡಿನಲ್ಲಿ ಹಣವಿಟ್ಟ ನನ್ನ ನಿಮ್ಮಂಥವರವು. ಇಂಡೆಕ್ಸ್ ಫಂಡು ಕೊಂಡಾಗ ಷೇರಿನ ಲಾಭ ನಮ್ಮದು, ಮತ ಫಂಡು ನಡೆಸುವವರದು. ಹೊಳೆಸಾಲು ಅವರಿಗೆ ನನ್ನ ಸಲಹೆಯಿಷ್ಟು: ಮಾರುವ ಮೊದಲು ನಿಮ್ಮ ಫಂಡು ಕಳೆದ ವರ್ಷ ಹಾಕಿದ ಮತಗಳ ದಾಖಲೆಯನ್ನು ಹುಡುಕಿ ಓದಿ. ಅನೇಕ ಕಡೆ ಅದನ್ನು ಪ್ರಕಟಿಸಲೇಬೇಕೆಂಬ ನಿಯಮವಿದೆ, ಓದುವವರು ಮಾತ್ರ ಇಲ್ಲ.

ಹಳೆಯ ಲೆಕ್ಕಿಗ

ಹದಿನೈದನೆಯ ವರ್ಗವನ್ನು ಬಿಟ್ಟದ್ದು ನನ್ನದೇ ತಪ್ಪು, ಒಪ್ಪಿದೆ. ಎಂಟು ಪಟ್ಟಿನ ಬಗ್ಗೆ ಮಾತ್ರ ಒಂದು ತಿದ್ದುಪಡಿ: ಲಾಭ ಎಂಟು ಪಟ್ಟಾದರೆ ಕಲ್ಲಿದ್ದಲಿನ ಟನ್ನುಗಳೂ ಎಂಟು ಪಟ್ಟಾಗಬೇಕೆಂದಿಲ್ಲ, ಆ ಏರಿಕೆಯಲ್ಲಿ ಬೆಲೆಯುಬ್ಬರದ ಪಾಲೂ ಇರುತ್ತದೆ, ಸಾಫ್ಟ್‌ವೇರಿನಂಥ ಸರಕಿನ ಪಾಲೂ ಇರುತ್ತದೆ. ಹಾಗೆಂದು ನಿಮ್ಮ ಗಂಟಲ ತುತ್ತು ಕರಗಿತೆಂದು ನಾನು ಹೇಳಲಾರೆ.

ಹೊಳೆಸಾಲು

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂಜೆ ಕುಳಿತು ಫಂಡಿನ ಮತದಾಖಲೆಯನ್ನು ಓದಿದೆ. ಸಣ್ಣ ಅಕ್ಷರದ ಉದ್ದನೆಯ ಕೋಷ್ಟಕ. ಕಂಪನಿ, ದಿನಾಂಕ, ನಿರ್ಣಯ, ಪರ ಅಥವಾ ವಿರೋಧ. ನನ್ನ ಪಟ್ಟಿಯ ಏಳನೆಯ ಕಂಪನಿಯ ಸಭೆಯಲ್ಲಿ, ಎಷ್ಟು ಪ್ಲಾಸ್ಟಿಕ್ ಬಳಸುತ್ತೇವೆಂಬ ಲೆಕ್ಕವನ್ನು ಬಹಿರಂಗಪಡಿಸಬೇಕೆಂಬ ನಿರ್ಣಯವನ್ನು ಯಾರೋ ಷೇರುದಾರರು ತಂದಿದ್ದರು. ಅದರ ಮುಂದೆ ನನ್ನ ಫಂಡು ಬರೆದದ್ದು: ವಿರೋಧ. ಅಂದರೆ ನಾವು ದಡದಲ್ಲಿ ಗೀಟು ಹಾಕಿ ಎಣಿಸುತ್ತಿದ್ದ ಲೆಕ್ಕವನ್ನೇ ಕಂಪನಿ ಕೊಡಬೇಕಾಗಿಲ್ಲವೆಂದು ನನ್ನ ಹಣವೂ ಸೇರಿ ಮತ ಹಾಕಿತ್ತು.

ಇನ್ನು ಮುಂದೆ ತಿಂಗಳು ತಿಂಗಳು ಹೋಗುವ ಹೊಸ ಹಣವನ್ನು ಈ ಫಂಡಿಗೆ ಕಟ್ಟುವುದನ್ನು ನಿಲ್ಲಿಸಿದ್ದೇನೆ. ಅದನ್ನು ನವೀಕರಿಸಬಹುದಾದ ವಿದ್ಯುತ್ ಯೋಜನೆಗಳಿಗೆ ನೇರವಾಗಿ ಸಾಲವಾಗಿ ಹೋಗುವ ಬಾಂಡುಗಳಲ್ಲಿ ಇಡುವ ಯೋಚನೆಯಿದೆ, ಆದಾಯ ಸ್ವಲ್ಪ ಕಡಿಮೆಯಾದರೂ ಸರಿ. ಹಳೆಯದನ್ನು ಸದ್ಯಕ್ಕೆ ಮಾರುತ್ತಿಲ್ಲ. ಫಂಡಿನವರಿಗೆ ಪತ್ರ ಬರೆಯುತ್ತಿದ್ದೇನೆ, ಮುಂದಿನ ಸಭೆಯಲ್ಲೂ ಇದೇ ಮತ ಹಾಕಿದರೆ ಮಾರುವುದಾಗಿಯೂ, ಮಾರಿದ ಕಾರಣವನ್ನು ಬಹಿರಂಗವಾಗಿ ಹೇಳುವುದಾಗಿಯೂ ಅದರಲ್ಲಿ ತಿಳಿಸಿದ್ದೇನೆ. ಪತ್ರವನ್ನು ಯಾರ ಹೆಸರಿಗೆ ಕಳಿಸಬೇಕು?

ಅಂಚಿನ ಆಸನ

ಗ್ರಾಹಕ ಸೇವೆಯ ವಿಳಾಸಕ್ಕೆ ಕಳಿಸಬೇಡಿ, ಅಲ್ಲಿಂದ ಅಚ್ಚು ಹಾಕಿದಂಥ ಉತ್ತರ ಬರುತ್ತದೆ. ಫಂಡಿನ ಹೂಡಿಕೆದಾರರ ಪರವಾಗಿ ಮತ ಹಾಕುವ ವಿಭಾಗವೊಂದು ಬೇರೆಯಾಗಿ ಇರುತ್ತದೆ, ಮತದಾಖಲೆಯ ಕೊನೆಯ ಪುಟದಲ್ಲಿ ಅದರ ವಿವರ ಸಿಗಬಹುದು. ನಿರ್ಣಯದ ಸಂಖ್ಯೆಯನ್ನೂ ಸಭೆಯ ದಿನಾಂಕವನ್ನೂ ತಪ್ಪದೆ ನಮೂದಿಸಿ. ಗೀಟು ಹಾಕಿದ ಹಾಳೆಯ ಪ್ರತಿಯನ್ನೂ ಲಗತ್ತಿಸಿ.